ಹದಿನೇಳನೆಯ ವಾಲ್ವು

ಬೈಸಿಕೊಳ್ಳಲಿಕ್ಕೆಂದೇ ಜನ ಮುಗಿಬಿದ್ದು ಬರುತ್ತಾರೆ ಎಂದರೆ ಯಾರು ನಂಬುತ್ತಾರೆ? ಸುಗಲಾ ನಂಬಿದಳು. ನಂಬಿ ಒಂದು ಆಟ ಕಟ್ಟಿದಳು.

ಆಟದ ಹೆಸರು ‘ನೀರು ಬಂತಾ?’. ಅದರಲ್ಲಿ ಬಂದೂಕಿಲ್ಲ, ಕಾರಿಲ್ಲ, ಕೊಲ್ಲಬೇಕಾದ ರಾಕ್ಷಸರಿಲ್ಲ. ಆಡುವವನು ಎಂಟು ದಿನಕ್ಕೊಮ್ಮೆ ನೀರು ಕಾಣುವ ಊರೊಂದರ ವಾಲ್ವ್‌ಮನ್. ಹೆಗಲ ಮೇಲೆ ಉದ್ದನೆಯ ಕಬ್ಬಿಣದ ಕೀಲಿ, ಕಾಲಡಿ ಬ್ರೇಕಿಲ್ಲದ ಸೈಕಲ್ಲು. ರಸ್ತೆ ನಡುವಿನ ಮುಚ್ಚಳ ಎತ್ತಿ, ಕೀಲಿ ಇಳಿಸಿ, ಫೋನನ್ನು ಎರಡೂ ಕೈಯಲ್ಲಿ ಹಿಡಿದು ಗರಗರ ತಿರುಗಿಸಬೇಕು. ಕೆಳಗೆ ನೀರು ಹರಿದರೆ ಫೋನು ಅಂಗೈಯಲ್ಲಿ ಸಣ್ಣಗೆ ನಡುಗುತ್ತದೆ. ವಾಲ್ವು ಬಿಗಿಯಾದರೆ ತಿರುಗಿಸಲಾರದಷ್ಟು ಭಾರವೆನಿಸುತ್ತದೆ. ಒಂದು ಓಣಿಗೆ ಬಿಟ್ಟರೆ ಇನ್ನೊಂದು ಓಣಿಯ ಹೆಂಗಸರು ಬೀದಿಗಿಳಿಯುತ್ತಾರೆ.

“ಮ್ಯಾಲಿನ ಓಣ್ಯಾಗ ನಿನ್ನ ಮಾವನ ಮನಿ ಐತೇನೋ? ಬರೇ ಅಲ್ಲೇ ಬಿಡ್ತಿಯಲ್ಲ!”

“ಏ ನೀರಪ್ಪ, ಇವತ್ತ ನೀರ ಬರಲಿಲ್ಲಂದ್ರ ಈ ಕೊಡಾ ನಿನ್ನ ತಲೀಮ್ಯಾಲೇ ಒಡೀತೈತಿ ನೋಡು!”

ಅಷ್ಟೇ ಆಟ. ಎಲ್ಲರಿಗೂ ನೀರು ಮುಟ್ಟಿದರೆ ಬಹುಮಾನವೇನೂ ಇಲ್ಲ. ಬೈಗುಳ ಒಂದು ದಿನ ನಿಲ್ಲುತ್ತದೆ. ಬಾಗಿಲಿನಿಂದ ಯಾವಳೋ ಒಬ್ಬಳು, “ಚಾ ಕುಡದು ಹೋಗಪಾ” ಎನ್ನುತ್ತಾಳೆ.

“ಸುಗಲಕ್ಕಾ, ಮನ್ಯಾಗ ಬೈಸ್ಕೊಂಡು ಸಾಲದಂತ ಜನ ಫೋನಿನ್ಯಾಗೂ ಬೈಸ್ಕೋತಾರೇನು?” ಎಂದು ಜೊತೆಗೆ ಪ್ರೋಗ್ರಾಮ್ ಬರೆಯುವ ಇಸ್ಮಾಯಿಲ್ ನಕ್ಕಿದ್ದ. ನಲವತ್ತು ದಿನದಲ್ಲಿ ಆರು ಲಕ್ಷ ಜನ ಆಡತೊಡಗಿದರು. ಬೀದರಿನಲ್ಲಿ ಆಡಿದರು, ಭಾಷೆ ಬಾರದ ಮಧುರೈಯಲ್ಲೂ ಆಡಿದರು. ಮದುವೆ ಮಂಟಪದಲ್ಲಿ ಮದುಮಗ ಶಲ್ಯದ ಮರೆಯಲ್ಲಿ ಫೋನು ತಿರುಗಿಸುತ್ತಿದ್ದ ವಿಡಿಯೊ ಊರೆಲ್ಲ ಸುತ್ತಿತು. ಆ ಚಾದ ಒಂದು ಮಾತಿಗಾಗಿ ಜನ ಊಟ ಬಿಟ್ಟು ತಿರುವುತ್ತಿದ್ದರು.

ಅವರಿಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ಆ ಊರು ನಿಜವಾದ ಊರು. ಹೆಸರು ಬದಲಿಸಿತ್ತು, ಅಷ್ಟೆ. ಅದು ಕರಿಗಡ. ಸುಗಲಾ ಹುಟ್ಟಿದ ಊರು. ಅಲ್ಲಿ ಮೂವತ್ತೊಂದು ವರ್ಷ ಕೀಲಿ ಹೊತ್ತವನು ಅವಳಪ್ಪ ದುರ್ಗಪ್ಪ.

*

ಆರು ವರ್ಷದ ಹಿಂದಿನ ಮಾತು. ಕರಿಗಡದ ಜಲನಿಗಮಕ್ಕೆ ಮುಖ್ಯ ಇಂಜಿನಿಯರ್ ಆಗಿ ವೀರಭದ್ರ ಹೊಸಕೋಟಿ ಬಂದರು. ಬಂದವರೇ ಕಂಟ್ರೋಲ್ ರೂಮ್ ಕಟ್ಟಿಸಿದರು. ತಂಪು ಕೋಣೆ, ಗೋಡೆ ತುಂಬ ಪರದೆ. ಯಾವ ವಾಲ್ವನ್ನು ಎಷ್ಟು ಸುತ್ತು ತಿರುಗಿಸಬೇಕು ಎಂದು ಕಂಪ್ಯೂಟರ್ ಹೇಳುತ್ತದೆ, ಸಾಹೇಬರು ವಾಕಿಟಾಕಿಯಲ್ಲಿ ಹೇಳುತ್ತಾರೆ, ವಾಲ್ವ್‌ಮನ್ ತಿರುಗಿಸುತ್ತಾನೆ.

ಕಂಪ್ಯೂಟರಿಗೆ ಒಂದು ವಿಷಯ ಗೊತ್ತಿರಲಿಲ್ಲ. ಕರಿಗಡದ ನೂರಾರು ವಾಲ್ವುಗಳಲ್ಲಿ ಒಂಬತ್ತು ಎಡಗೈ ವಾಲ್ವುಗಳು. ಯಾವ ಕಾಲದಲ್ಲೋ ಬೇರೆ ಕಾರಖಾನೆಯಿಂದ ತಂದು ಹೂಳಿದವು. ಉಳಿದವು ಬಲಕ್ಕೆ ತಿರುಗಿಸಿದರೆ ಮುಚ್ಚುತ್ತವೆ, ಇವು ಬಲಕ್ಕೆ ತಿರುಗಿಸಿದರೆ ತೆರೆದುಕೊಳ್ಳುತ್ತವೆ. ಅದನ್ನು ಯಾವ ಕಾಗದದಲ್ಲೂ ಬರೆದಿರಲಿಲ್ಲ. ವಾಲ್ವ್‌ಮನ್‌ಗಳು ಅಂಥ ಮುಚ್ಚಳಗಳ ಮೇಲೆ ಸುಣ್ಣದ ಬೊಟ್ಟು ಇಡುತ್ತಿದ್ದರು. ಮಳೆಗೆ ತೊಳೆದುಹೋದರೆ ಮತ್ತೆ ಇಡುತ್ತಿದ್ದರು. ಹೊಸಕೋಟಿಯವರು ಉದ್ಘಾಟನೆಗೆ ಮುಂಚೆ ಊರಿನ ಅಷ್ಟೂ ಮುಚ್ಚಳಗಳಿಗೆ ನೀಲಿ ಬಣ್ಣ ಹೊಡೆಸಿದರು.

ಒಂದು ಬೆಳಿಗ್ಗೆ ಹದಿನೇಳನೆಯ ವಾಲ್ವನ್ನು ಮುಚ್ಚಬೇಕಿತ್ತು. ಅದು ಎಡಗೈ ವಾಲ್ವು, ಅರ್ಧ ತೆರೆದಿತ್ತು. ಕೀಲಿ ದುರ್ಗಪ್ಪನ ಕೈಯಲ್ಲಿತ್ತು. ಮುಚ್ಚುವ ಬದಲು ಪೂರ್ತಿ ತೆರೆಯಿತು. ನೀರೆಲ್ಲ ಆಫೀಸರ್ಸ್ ಕಾಲನಿಯ ಕಡೆ ಧುಮುಕಿತು. ತಗ್ಗಿನ ಗಚ್ಚಿನ ಓಣಿಯ ಪೈಪು ಖಾಲಿಯಾಯಿತು. ಆ ಪೈಪಿನಲ್ಲಿ ಒಂದು ಬಿರುಕಿತ್ತು, ಪಕ್ಕದಲ್ಲೇ ಚರಂಡಿ. ಪೈಪಿನೊಳಗೆ ನೀರು ಒತ್ತುತ್ತಿರುವವರೆಗೆ ಬಿರುಕಿನಿಂದ ನೀರು ಹೊರಗೆ ಸೋರುತ್ತದೆ. ಒತ್ತುವ ನೀರು ಹೋಯಿತೋ, ಹೊರಗಿನ ಚರಂಡಿ ಒಳಗೆ ನುಗ್ಗುತ್ತದೆ. ಹಾಗೆಯೇ ಆಯಿತು. ವಾರದೊಳಗೆ ಗಚ್ಚಿನ ಓಣಿಯಲ್ಲಿ ಒಂಬತ್ತು ಜನ ವಾಂತಿಭೇದಿಯಿಂದ ಸತ್ತರು. ಏಳು ಮಂದಿ ಮಕ್ಕಳು.

ವಿಚಾರಣೆಯಲ್ಲಿ ಹೊಸಕೋಟಿ ಪ್ರಮಾಣ ಮಾಡಿ ಹೇಳಿದರು: “ನಾನು ಹದಿನೇಳು ಮುಚ್ಚು ಎಂದೆ, ಅಷ್ಟೇ. ಎಡಕ್ಕೋ ಬಲಕ್ಕೋ ಅಂತ ನಾನು ಹೇಳುವುದಿಲ್ಲ. ಅದು ಅವನ ಕೆಲಸ. ಕುಡಿದಿದ್ದನೋ ಏನೋ.” ವಾಕಿಟಾಕಿಯ ಮಾತು ಎಲ್ಲೂ ದಾಖಲಾಗಿರಲಿಲ್ಲ. ಜೀವಮಾನದಲ್ಲಿ ಒಂದು ತೊಟ್ಟು ಕುಡಿಯದ ದುರ್ಗಪ್ಪ ತುಟಿ ಬಿಚ್ಚಲಿಲ್ಲ. ಕೆಲಸ ಹೋಯಿತು. ಗಚ್ಚಿನ ಓಣಿಯ ಹೆಂಗಸರು ಬಂದು ಅವನ ಬಾಗಿಲಿಗೆ ಹಿಡಿಹಿಡಿ ಮಣ್ಣು ತೂರಿ, “ನಿನ್ನ ವಂಶ ಹಾಳಾಗಲಿ” ಎಂದು ಶಪಿಸಿದರು. ಸುಗಲಾ ಅಂದೇ ಅಪ್ಪನನ್ನು ಧಾರವಾಡಕ್ಕೆ ಕರೆತಂದಳು. ಬರುವಾಗ ಅವಳ ತಲೆಗೂದಲಲ್ಲಿ ಆ ಮಣ್ಣಿತ್ತು.

ಅಂದಿನಿಂದ ದುರ್ಗಪ್ಪ ಮನೆಯ ನಲ್ಲಿ ಮುಟ್ಟಿದವನಲ್ಲ. ಕೈಕಾಲು ತೊಳೆಯಬೇಕೆಂದರೂ ಮೊಮ್ಮಗಳು ಮೇದಿನಿಯನ್ನು ಕರೆದು, “ತಂಗೀ, ಸ್ವಲ್ಪ ಬಿಡವಾ” ಎನ್ನುತ್ತಿದ್ದ.

ಸುಗಲಾ ಬೆಳಿಗ್ಗೆ ರೊಟ್ಟಿ ಬಡಿಯುವಾಗ ಒಂದೊಂದು ಪೆಟ್ಟಿಗೂ ಹೊಸಕೋಟಿಯ ಹೆಸರು ಹೇಳಿಕೊಳ್ಳುತ್ತಿದ್ದಳು. ಮಗಳ ಡಬ್ಬಿ ಕಟ್ಟಿ, ತಲೆ ಬಾಚಿ, ಬಸ್ಸು ಹತ್ತಿಸಿ, ಆಫೀಸಿನಲ್ಲಿ ಕೂತು, ಆಟ ಬರೆಯುತ್ತಿದ್ದಳು. ರೊಟ್ಟಿಯೂ ಆಟವೂ ಒಂದೇ ಸಿಟ್ಟಿನ ಎರಡು ಕೆಲಸ.

*

ಆಟದ ಒಳಗುಟ್ಟು ಇಷ್ಟು. ಕರಿಗಡದ ನೆಲದಡಿ ಪೈಪುಗಳು ಹೇಗೆ ಹೋಗಿವೆಯೆಂದು ಯಾರಿಗೂ ಪೂರ್ತಿ ಗೊತ್ತಿಲ್ಲ, ನಕ್ಷೆಯೇ ಇಲ್ಲ. ಆದರೆ ಹೊಸಕೋಟಿಯವರು ತಮ್ಮ ಹೆಚ್ಚುಗಾರಿಕೆ ತೋರಿಸಲಿಕ್ಕೆ ಊರಿನ ಹನ್ನೊಂದು ಕಡೆ ನೀರಿನ ಒತ್ತಡ ಅಳೆಯುವ ಯಂತ್ರ ಇಡಿಸಿ, ಅದರ ನಿಮಿಷ ನಿಮಿಷದ ಅಳತೆಯನ್ನು ವೆಬ್‌ಸೈಟಿನಲ್ಲಿ ಹಾಕಿಸಿದ್ದರು. ಆ ಕೆಟ್ಟ ಬೆಳಗಿನದೂ ಅಲ್ಲೇ ಇತ್ತು. ಸುಗಲಾ ಪ್ರತಿಯೊಬ್ಬ ಆಟಗಾರನಿಗೂ ನೆಲದಡಿಯ ಬೇರೆ ಬೇರೆ ಊಹೆಯೊಂದನ್ನು ಕೊಟ್ಟಳು. ಯಾರ ಊರಿನಲ್ಲಿ ನೀರು ಹರಿದ ರೀತಿ ಆ ಅಳತೆಗಳಿಗೆ ತಾಳೆಯಾಗಲಿಲ್ಲವೋ ಆ ಊಹೆ ಬಿದ್ದುಹೋಗುತ್ತಿತ್ತು. ಆಟಗಾರನಿಗೆ ಮರುದಿನ ಹೊಸ ಊರು.

ಬರೀ ಯಂತ್ರಕ್ಕೆ ಬಿಟ್ಟಿದ್ದರೆ ಕೋಟ್ಯಂತರ ಸಾಧ್ಯತೆಗಳ ನಡುವೆ ತೊಳಲುತ್ತಿತ್ತು. ಬೈಗುಳಕ್ಕೆ ಹೆದರಿದ ಮನುಷ್ಯ ಮಾತ್ರ ವಾಲ್ವ್‌ಮನ್‌ನ ಹಾಗೆಯೇ ಯೋಚಿಸುತ್ತಾನೆ.

ಆಟ ಶುರುವಾದ ನಾಲ್ಕನೆಯ ತಿಂಗಳ ಒಂದು ಮಧ್ಯಾಹ್ನ ಆಫೀಸಿನ ದೊಡ್ಡ ಪರದೆಯ ಮೇಲೆ ಮೂರೇ ಮೂರು ಊಹೆಯ ಊರು ಉಳಿದಿದ್ದವು. ಊಟದ ಡಬ್ಬಿ ಕೈಯಲ್ಲಿ ಹಿಡಿದೇ ಇಸ್ಮಾಯಿಲ್ ನಿಂತ. ಎರಡು ಬಿದ್ದವು. ಒಂದು ಉಳಿಯಿತು.

“ಸುಗಲಕ್ಕಾ, ಹನ್ನೊಂದಕ್ಕ ಹನ್ನೊಂದೂ ಕೂಡ್ತು. ಆ ಮುಂಜಾನಿ ಹಿಂಗ ಆಗಲಿಕ್ಕೆ ಒಂದೇ ದಾರಿ. ಹದಿನೇಳನೇದು ಎಡಗೈ ವಾಲ್ವು, ಬಲಕ್ಕ ಇಪ್ಪತ್ತಾರು ಸುತ್ತು.”

ಸುಗಲಾ ಮುಖ ಒರೆಸಿಕೊಂಡಳು. “ಟೆಂಡರ್ ಕಾಗದದಾಗಿನ ಕಂಪ್ಯೂಟರ್ ಪಟ್ಟ್ಯಾಗೂ ಇಪ್ಪತ್ತಾರೇ ಐತಿ. ಅಪ್ಪ ತಾನಾಗಿ ತಿರಿವಿದ್ದಲ್ಲ. ಆ ಹೊಸಕೋಟಿನೇ ಹೇಳಿ ಮಾಡಿಸಿದ್ದು.”

“ಅದು ನಿಮಗ ಗೊತ್ತು, ನನಗ ಗೊತ್ತು. ಆತ ಏನಂತಾನ? ‘ನಾ ಮುಚ್ಚು ಅಂದೆ, ಅಂವ ತೆರದಾ’ ಅಂತಾನ. ವಾಲ್ವು ತಿರಿಗಿದ್ದು ಸಿಕ್ತು ಅಕ್ಕಾ. ಬಾಯಿ ತಿರಿಗಿದ್ದು ಸಿಗಲಿಲ್ಲ.”

“ಹಂಗಾದ್ರ ಬಾಯಿಂದಲೇ ಹೊರಡಿಸೋಣು,” ಎಂದಳು ಸುಗಲಾ.

ದಾರಿ ತಾನಾಗಿಯೇ ಬಂತು. ಹೊಸಕೋಟಿಯವರ ಪದ್ಧತಿಯನ್ನು ಇನ್ನೂ ಹನ್ನೆರಡು ಊರುಗಳಿಗೆ ಹಾಕುವ ಯೋಜನೆ ಮಂಜೂರಾಗಿತ್ತು. ಕರಿಗಡದ ಪುರಭವನದಲ್ಲಿ ಸಮಾರಂಭ. ನೀರಿನ ಆಟ ಜನರ ಬಾಯಲ್ಲಿರುವುದು ನೋಡಿ ನಿಗಮದವರೇ ಕಂಪನಿಗೆ ಪತ್ರ ಬರೆದರು: ‘ವೇದಿಕೆಯ ಮೇಲೆ ನಮ್ಮ ಮುಖ್ಯ ಇಂಜಿನಿಯರರು ನಿಮ್ಮ ಆಟವಾಡಿದರೆ ಚೆನ್ನಾಗಿರುತ್ತದೆ.’ ಪತ್ರಕ್ಕೆ ಒಪ್ಪಿಗೆ ಬರೆದ ಸುಗಲಾ ಯಾರ ಮಗಳೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅವಳು ಹೊಸ ಹಂತವೊಂದನ್ನು ಕಟ್ಟಿದಳು. ಅದರಲ್ಲಿ ಇಬ್ಬರು ಆಡಬೇಕು: ಒಬ್ಬ ಕಂಟ್ರೋಲ್ ರೂಮಿನಲ್ಲಿ, ಒಬ್ಬ ಬೀದಿಯಲ್ಲಿ. ವಾಲ್ವಿನ ಪಟ್ಟಿಯನ್ನು ಹೊಸಕೋಟಿಯವರದೇ ಟೆಂಡರ್ ಕಾಗದದಿಂದ ಅಕ್ಷರ ಬಿಡದೆ ಇಳಿಸಿದಳು. ಸಾಹೇಬರಿಗೆ ಅನುಮಾನ ಬಾರದಿರಲೆಂದು ಹದಿನೇಳನ್ನು ಮಾತ್ರ ಐದು ಎಂದು ಬದಲಿಸಿದಳು. ವಾಲ್ವಿನ ಬಳಿ ಬೀದಿಯವನು ತಾನೇ ನಿಂತು, ‘ಸಾಹೇಬರೇ, ಇದು ಎಡಗೈ ವಾಲ್ವು’ ಎಂದು ಹೇಳುತ್ತಾನೆ; ಹೇಳಿದ ಮೇಲೂ ಸಾಹೇಬ ಕೇಳುವುದಿಲ್ಲ. ಆ ಬೆಳಿಗ್ಗೆ ಅಪ್ಪ ಹಾಗೆ ಹೇಳಿಯೇ ಇರುತ್ತಾನೆ ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ.

*

ಭಾನುವಾರ ಬೆಳಿಗ್ಗೆ ಮೇದಿನಿ ಅಜ್ಜನ ಕೈಗೆ ಫೋನು ಕೊಟ್ಟು ಕೂರಿಸಿದಳು. “ಅಜ್ಜಾ, ಅವ್ವ ಹೊಸದು ಮಾಡ್ಯಾಳ. ಇದರಾಗ ನೀನೂ ಅದೀ.”

ದುರ್ಗಪ್ಪ ಆಟ ಮುಟ್ಟಿದ್ದು ಅದೇ ಮೊದಲು. ಆದರೆ ಆ ಕೈ ತಿರುಗಿದ ಬಗೆ ನೋಡಿ ಸುಗಲಾ ಸೌಟು ಹಿಡಿದೇ ಅಡಿಗೆಮನೆಯಿಂದ ಹೊರಬಂದಳು. ಆರು ಲಕ್ಷ ಜನರಲ್ಲಿ ಯಾರೂ ಹಾಗೆ ತಿರುಗಿಸಿರಲಿಲ್ಲ. ಮೊಣಕೈ ಅಲುಗುತ್ತಿರಲಿಲ್ಲ, ಬರೀ ಮಣಿಕಟ್ಟು. ಪರದೆಯೊಳಗಿನ ವಾಲ್ವ್‌ಮನ್ ಎಡಗೈ ವಾಲ್ವಿನ ಬಳಿ ನಿಂತು, ‘ಸಾಹೇಬ್ರ, ಇದು ಎಡಗೈ ಐತ್ರಿ’ ಎಂದ.

ದುರ್ಗಪ್ಪ ಫೋನನ್ನು ಮಡಿಲಿಗಿಟ್ಟ.

“ಇದು ಸುಳ್ಳವ್ವಾ.”

“ಯಾವುದಪ್ಪಾ?”

“ನಾ ಹಿಂಗ ಅನಲಿಲ್ಲ.”

ಸುಗಲಾ ಮಗಳತ್ತ ನೋಡಿದಳು. “ಮೇದು, ಮ್ಯಾಲಿನ ಮನಿ ಆಂಟಿ ಕಡೆ ಹೋಗಿ ಕೊತ್ತಂಬ್ರಿ ಇಸಗೊಂಡು ಬಾ.”

“ಕೊತ್ತಂಬ್ರಿ ಐತಲ್ಲ ಅವ್ವಾ…”

“ಹೋಗಂದ್ರ ಹೋಗು.”

ಹುಡುಗಿ ಹೋದ ಮೇಲೆ ದುರ್ಗಪ್ಪ ನೆಲ ನೋಡುತ್ತ ಹೇಳಿದ. “ಅದರ ಹಿಂದಿನ ದಿನ ಆಫೀಸಿನ್ಯಾಗ ಹತ್ತ ಮಂದಿ ಮುಂದ ಹೇಳಾಕ ಹೋಗಿದ್ನಿ, ಕೆಲವು ವಾಲ್ವು ಎಡಗೈ ಅದಾವ್ರೀ ಅಂತ. ‘ಕಂಪ್ಯೂಟರಿಗಿಂತ ಶಾಣ್ಯಾ ಏನಲೇ ನೀ? ಹೇಳಿದಷ್ಟು ಮಾಡು. ಬಾಯಿ ತೆಗದಿ ಅಂದ್ರ ಗೇಟಿನ ಹೊರಗ’ ಅಂದ ಸಾಹೇಬ. ಹುಡುಗೂರು ನಕ್ರು. ಮೂವತ್ತೊಂದು ವರ್ಷ ತಂಗೀ, ಈ ಊರಿಗೆ ನೀರ ಕುಡಿಸೀನಿ. ಮರುದಿನ ವಾಕಿಟಾಕಿನಾಗ ಬಲಕ್ಕ ಇಪ್ಪತ್ತಾರು ಅಂದ. ನನಗ ಗೊತ್ತಿತ್ತು. ಆತು, ಹೇಳಿದಷ್ಟ ಮಾಡೋಣು, ಇವರ ಕಾಲನಿ ಟಾಕಿ ತುಂಬಿ ಅಂಗಳಕ್ಕ ಹರೀಲಿ, ಸಾಹೇಬಗ ಛೀ ಥೂ ಅನಿಸಲಿ ಅಂತ ತಿರಿವಿದ್ನಿ. ಇಪ್ಪತ್ತಾರಕ್ಕ ಇಪ್ಪತ್ತಾರೂ. ಗಚ್ಚಿನ ಓಣಿ ಪೈಪ ಒಡದಿದ್ದು ಗೊತ್ತಿರಲಿಲ್ಲ. ಅದೊಂದ ಗೊತ್ತಿರಲಿಲ್ಲ.”

ಒಲೆಯ ಮೇಲೆ ಸಾರು ಉಕ್ಕಿತು. ಸುಗಲಾ ಹೋಗಿ ಆರಿಸಿ ಬಂದಳು. ಆರು ವರ್ಷ ಎದೆಯಲ್ಲಿ ಹೊತ್ತು ಸಾಕಿದ ಸೇಡು ಅಪ್ಪನ ಎದೆಯಲ್ಲಿ ಮೊದಲೇ ಹುಟ್ಟಿ, ಒಂಬತ್ತು ಜನರನ್ನು ತಿಂದು ಮುಗಿಸಿತ್ತು. ಆದರೂ ಅವಳ ಸಿಟ್ಟು ಒಂದು ಕಾಳಷ್ಟೂ ಕಡಿಮೆಯಾಗಲಿಲ್ಲ. ಹೆಚ್ಚಾಯಿತು. ಅಂಥಾ ಮನುಷ್ಯನನ್ನು ಇಂಥಾ ಕೆಲಸಕ್ಕೆ ಇಳಿಸಿದವನು ಯಾರು?

“ಅಪ್ಪಾ, ಇದನ್ನ ನನ್ನ ಮುಂದ ಹೇಳಿದಿ, ಸಾಕು. ಇನ್ನ ಯಾರ ಮುಂದೂ ಹೇಳಬ್ಯಾಡ. ಪರದೆ ಹಿಂದ ಕೂತು ನೀನ ಆಡಬೇಕು. ಎಡಗೈ ವಾಲ್ವು ಅಂತ ನಿನ್ನ ಬಾಯಿಲೆ ಹೇಳಬೇಕು. ಎಂಟುನೂರು ಮಂದಿ ಮುಂದ ಆತ ಮತ್ತ ‘ಹೇಳಿದಷ್ಟು ಮಾಡು’ ಅನ್ನಬೇಕು. ಅಷ್ಟ ಆದ್ರ ಸಾಕು, ನಿನ್ನ ಹೆಸರು ತೊಳದು ಹೋಗ್ತೈತಿ.”

ದುರ್ಗಪ್ಪ ಮಡಿಲಿನ ಫೋನನ್ನು ಎತ್ತಿಕೊಂಡು ಮತ್ತೆ ತಿರುಗಿಸತೊಡಗಿದ.

*

ಪುರಭವನ ತುಂಬಿತ್ತು. ಆಟವಾಡುವ ಹುಡುಗ ಹುಡುಗಿಯರು, ನಿಗಮದ ನೌಕರರು, ಪತ್ರಿಕೆಯವರು, ಹನ್ನೆರಡು ಊರಿನ ಕೌನ್ಸಿಲರುಗಳು. ಹಿಂದಿನ ಎರಡು ಸಾಲಿನಲ್ಲಿ ಗಚ್ಚಿನ ಓಣಿಯವರು. ಅವರಿಗೆ ಸುಗಲಾ ತಾನೇ ಪಾಸು ಕಳಿಸಿದ್ದಳು. ಹೊಸಕೋಟಿ ರೇಷ್ಮೆ ಶಾಲು ಸರಿಪಡಿಸಿಕೊಂಡು, ಹೆಡ್‌ಫೋನು ಹಾಕಿಕೊಂಡು, ವೇದಿಕೆಯ ಕುರ್ಚಿಯಲ್ಲಿ ಕೂತರು. ಹಿಂದೆ ದೊಡ್ಡ ಪರದೆ.

“ಬೀದಿಯಲ್ಲಿ ಆಡುವವರು ಯಾರಮ್ಮ?” ಎಂದು ಕೇಳಿದರು.

“ನಮ್ಮಲ್ಲಿ ಅತಿ ಚೆನ್ನಾಗಿ ಆಡುವವರು ಸರ್. ಪರದೆ ಹಿಂದೆ ಇದ್ದಾರೆ,” ಎಂದಳು ಸುಗಲಾ.

ಆಟ ಶುರುವಾಯಿತು. ಬೈಗುಳಗಳಿಗೆ ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಹೊಸಕೋಟಿಯವರೂ ನಕ್ಕರು. ಪಟ್ಟಿ ನೋಡಿ ಒಂದೊಂದೇ ವಾಲ್ವು ಹೇಳುತ್ತ ಹೋದರು; ಅವರಿಗದು ನೀರು ಕುಡಿದಷ್ಟು ಸುಲಭ. ಐದರ ಸರದಿ ಬಂತು.

“ಐದು ಮುಚ್ಚು. ಬಲಕ್ಕೆ ಇಪ್ಪತ್ತಾರು.”

ಸ್ಪೀಕರಿನಲ್ಲಿ ಒಂದು ಮುದಿ ದನಿ ಬಂತು. “ಸಾಹೇಬ್ರ, ಇದು ಎಡಗೈ ವಾಲ್ವು ಐತ್ರಿ. ಬಲಕ್ಕ ತಿರಿವಿದ್ರ ತೆರೀತೈತಿ.”

ಹೊಸಕೋಟಿ ಪಟ್ಟಿ ನೋಡಿದರು. ಆ ದನಿಯನ್ನು ಗುರುತು ಹಿಡಿಯಲಿಲ್ಲ. ಗುರುತು ಹಿಡಿಯಲು, ಆರು ವರ್ಷದ ಹಿಂದೆಯಾದರೂ ಅದನ್ನು ಕೇಳಿಸಿಕೊಂಡಿದ್ದರೆ ತಾನೆ!

“ಪಟ್ಟಿಯಲ್ಲಿ ಬಲಕ್ಕೆ ಅಂತಿದೆಯಪ್ಪಾ.”

“ಪಟ್ಟಿ ತಪ್ಪೈತ್ರಿ.”

“ಏಯ್, ತಲೆ ತಿನ್ನಬೇಡ. ಹೇಳಿದಷ್ಟು ಮಾಡು!”

ಸಭೆ ನಕ್ಕಿತು. ಪರದೆಯ ಮೇಲೆ ಕೀಲಿ ತಿರುಗಿತು, ಮಣಿಕಟ್ಟಿನ ಅದೇ ತಿರುವು. ಇಪ್ಪತ್ತಾರು ಮುಗಿಯುತ್ತಿದ್ದಂತೆ ತಗ್ಗಿನ ಓಣಿಯ ನಲ್ಲಿಗಳು ಒಣ ಉಸಿರು ಬಿಟ್ಟವು, ಆಮೇಲೆ ಕಂದು ನೀರು ಕಾರಿದವು. ಸುಗಲಾ ಒಂದು ಗುಂಡಿ ಒತ್ತಿದಳು. ಐದು ಎಂಬ ಅಂಕಿ ಹೋಗಿ ಹದಿನೇಳಾಯಿತು. ಊರಿನ ಸುಳ್ಳು ಹೆಸರು ಹೋಗಿ ಕರಿಗಡ ಎಂದು ಬಂತು. ಆಟದ ನೀರಿನ ಗೆರೆಯ ಮೇಲೆ ಆರು ವರ್ಷದ ಹಿಂದಿನ ಆ ಬೆಳಗಿನ ಗೆರೆ ಬಂದು ಕೂತಿತು, ಕೂದಲೆಳೆ ವ್ಯತ್ಯಾಸವಿಲ್ಲದೆ.

ನಗು ನಿಂತಿತು. ಹಿಂದಿನ ಸಾಲಿನಲ್ಲಿ ಯಾರೋ ಎದ್ದುನಿಂತರು.

ಹೊಸಕೋಟಿ ಹೆಡ್‌ಫೋನು ಕಿತ್ತೆಸೆದರು. ಆದರೆ ಜಗ್ಗುವ ಆಳಲ್ಲ. “ಇದು ಆಟ. ಆಟದಲ್ಲಿ ಪಟ್ಟಿ ನೋಡಿ ಹೇಳಿದೆ. ಅವತ್ತು ನಾನು ಮುಚ್ಚು ಎಂದೆನೇ ಹೊರತು ಎಡ ಬಲ ಏನೂ ಹೇಳಿಲ್ಲ. ವಿಚಾರಣೆಯಲ್ಲಿ ಪ್ರಮಾಣ ಮಾಡಿದ್ದೇನೆ. ಯಾರಿದು ಷಡ್ಯಂತ್ರ?”

ಇಸ್ಮಾಯಿಲ್ ಹೆದರಿದ್ದೇ ನಿಜವಾಯಿತು. ಬಾಯಿ ಸಿಕ್ಕಿರಲಿಲ್ಲ. ಅಷ್ಟರಲ್ಲಿ ಪರದೆಯ ಬದಿಯಿಂದ ದುರ್ಗಪ್ಪ ಫೋನು ಹಿಡಿದುಕೊಂಡೇ ಹೊರಬಂದ. ಮೈಕು ಬೇಕಾಗಲಿಲ್ಲ, ಬೀದಿಯಲ್ಲಿ ಕೂಗಿ ಬೆಳೆದ ಗಂಟಲು.

“ಇವತ್ತ ನಾ ಹೇಳಿದ್ನಿ, ನೀವು ಕೇಳಲಿಲ್ಲ. ಅವತ್ತ ನಾ ಹೇಳಲೇ ಇಲ್ಲ. ಎಡಗೈ ಐತಿ ಅಂತ ಗೊತ್ತಿದ್ದೂ ಸುಮ್ನ ತಿರಿವಿದ್ನಿ. ನಿಮ್ಮ ಮಾನ ಹೋಗಲಿ ಅಂತ ತಿರಿವಿದ್ನಿ. ಓಣ್ಯಾವ್ರು ಇಲ್ಲೇ ಅದಾರ. ಕೇಳಲಿ.”

“ಅಪ್ಪಾ!” ಎಂದಳು ಸುಗಲಾ.

ಮುಳುಗುವವನಿಗೆ ಹಗ್ಗ ಸಿಕ್ಕಿದ ಹಾಗೆ ಹೊಸಕೋಟಿಯ ಮುಖ ಅರಳಿತು. ಬೆರಳು ಚಾಚಿ, ಸಭೆಯತ್ತ ತಿರುಗಿ ಕಿರುಚಿದರು: “ಕೇಳಿದಿರಾ? ಅವನ ಬಾಯಿಂದಲೇ ಕೇಳಿದಿರಾ? ನಾನು ಬಲಕ್ಕೆ ಇಪ್ಪತ್ತಾರು ಎಂದಾಗಲೇ ಇವನಿಗೆ ಗೊತ್ತಿತ್ತಂತೆ! ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು…”

ಮಾತು ಅಲ್ಲಿಗೇ ನಿಂತಿತು. ತಾವೇನು ಹೇಳಿದೆವೆಂದು ಅವರ ಕಿವಿಗೆ ತಡವಾಗಿ ಮುಟ್ಟಿತು. ಪತ್ರಿಕೆಯವರ ಮೂವತ್ತು ಫೋನು ಅವರತ್ತ ತಿರುಗಿದ್ದವು. ಹನ್ನೆರಡು ಊರಿನ ಕೌನ್ಸಿಲರುಗಳಲ್ಲಿ ಒಬ್ಬ, “ಬಲಕ್ಕ ಅಂತ ಹೇಳೇ ಇಲ್ಲ ಅಂದ್ರಲ್ರೀ, ಪ್ರಮಾಣ ಮಾಡಿ?” ಎಂದು ಕೇಳಿದ.

ಆ ಮುಖ ಕುಸಿಯುವುದನ್ನು ಸುಗಲಾ ಕಣ್ಣು ಮಿಟುಕಿಸದೆ ನೋಡಿದಳು. ಮೊದಲು ಬಾಯಿ ಸಡಿಲಾಯಿತು, ಆಮೇಲೆ ಕೆನ್ನೆ, ಆಮೇಲೆ ಹೆಗಲಿನಿಂದ ಶಾಲು ಜಾರಿತು. ಆರು ವರ್ಷ ಇದನ್ನೇ ನೋಡಲು ಬದುಕಿದ್ದಳು. ಒಂದು ಚೂರೂ ಬಿಡದೆ ನೋಡಿ ಮುಗಿಸಿದಳು. ಮುಗಿಸಿ ತಿರುಗಿದರೆ, ಗಚ್ಚಿನ ಓಣಿಯವರು ವೇದಿಕೆ ಹತ್ತುತ್ತಿದ್ದರು. ಅರ್ಧ ಜನ ಹೊಸಕೋಟಿಯತ್ತ. ಅರ್ಧ ಜನ ಅಪ್ಪನತ್ತ.

ಬಂದೋಬಸ್ತಿಗೆ ಬಂದಿದ್ದ ಪೊಲೀಸರು ನಾಲ್ಕೇ ಜನ, ಒಂದೇ ಜೀಪು. ಇಬ್ಬರನ್ನೂ ಹೆಂಗಸರ ಕೈಯಿಂದ ಬಿಡಿಸಿ ಹಿಂಬಾಗಿಲಿನಿಂದ ಹೊರತಂದರು. ಹೊಸಕೋಟಿಯವರನ್ನು ಮೊದಲು ಹತ್ತಿಸಿದರು. ಶಾಲಿಲ್ಲ, ಒಂದು ಚಪ್ಪಲಿ ಇಲ್ಲ. ಸೀಟಿನ ನಡುವೆ ಕೂತು ಎದುರಿಗೆ ನೋಡುತ್ತಿದ್ದರು. ದುರ್ಗಪ್ಪನ ಅಂಗಿ ಹರಿದಿತ್ತು, ಹಣೆಯಲ್ಲಿ ರಕ್ತ. ಸುಗಲಾ ಓಡಿಬಂದು ಅವನ ಕೈ ಹಿಡಿದಳು.

“ಯಾಕಪ್ಪಾ? ಬ್ಯಾಡ ಅಂದಿದ್ನಲ್ಲ!”

“ಆತ ಒಬ್ಬನೇ ಹೋಗತಿರಲಿಲ್ಲ ತಂಗೀ,” ಎಂದ ದುರ್ಗಪ್ಪ. ಫೋನನ್ನು ಅವಳ ಕೈಗಿಟ್ಟ. “ಮೇದೂಗ ಕೊಡು.”

ಜೀಪಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಒಳಗೆ ಬಗ್ಗಿ ನೋಡಿದ. ಜಾಗವಿರಲಿಲ್ಲ. ಕಾನ್‌ಸ್ಟೇಬಲ್ ಹಿಂದಿನಿಂದ ನೂಕುತ್ತಿದ್ದ.

“ಸ್ವಲ್ಪ ಆಚೆ ಸರೀರಿ, ಸಾಹೇಬ್ರ,” ಎಂದ.

ಹೊಸಕೋಟಿ ಸರಿದರು.